ಉಪ್ಪಿಲ್ಲದ ದಾರ

ದೊಡ್ಡಮ್ಮ ನಾಲ್ಕನೇ ಬಿಲ್ಲೆಯ ದಾರವನ್ನು ನಾಲಿಗೆಗೆ ತಾಗಿಸಿ, ಸಾರಿನ ರುಚಿ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತರು.

"ಉಪ್ಪು. ಬರ್ಕೋ."

"ಛೀ, ದೊಡ್ಡಮ್ಮಾ!" ಎಂದಳು ತಂಗಿಯ ಮಗಳು. ಹಾಗೆನ್ನುತ್ತಲೇ ನೋಟ್‌ಬುಕ್ಕಿನಲ್ಲಿ ನಾಲ್ಕರ ಮುಂದೆ 'ಉಪ್ಪು' ಎಂದು ಬರೆದಳು. "ಬಂದರಿನ ಅಧಿಕಾರಿ ಈ ಹಲಗೇನ ಯಾರೂ ಮುಟ್ಟಬಾರ್ದು ಅಂತ ಹೇಳಿ ಹೋಗಿದಾರೆ."

"ಮುಟ್ಟಬಾರ್ದು ಅಂದಿದಾರೆ. ನೆಕ್ಕಬಾರ್ದು ಅಂದಿಲ್ವಲ್ಲ. ಐದು ಕೊಡು."

ಭಾನುವಾರ ಎಂಟು ಜನ ಒಂದು ಖಾಸಗಿ ದ್ವೀಪಕ್ಕೆ ಹೊಸ ಪ್ರವಾಸದ ಪ್ರಯೋಗಕ್ಕೆಂದು ಹೋಗಿದ್ದರು. ಅವರಲ್ಲೊಬ್ಬ, ಫೋಟೋ ತೆಗೆಯುವವನು, ಇನ್ನೂ ಮನೆ ಮುಟ್ಟಿರಲಿಲ್ಲ. ಇವತ್ತು ಗುರುವಾರ.

ಹಲಗೆ ಇದ್ದದ್ದು ಜೆಟ್ಟಿಯ ತುದಿಯ ತಗಡಿನ ಶೆಡ್ಡಿನಲ್ಲಿ. ಇಪ್ಪತ್ತೆರಡು ಮೊಳೆ, ಪ್ರತಿ ಮೊಳೆಗೂ ನೀಲಿ ದಾರ ಪೋಣಿಸಿದ ಒಂದೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಸಂಖ್ಯೆ. ಬೋಟು ಹತ್ತುವವರು ಬಿಲ್ಲೆ ತೆಗೆದು ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ಮರಳಿ ಬಂದವರು ತಮ್ಮ ಕೈಯಾರೆ ಅದೇ ಮೊಳೆಗೆ ತಗುಲಿಸಬೇಕು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಇದು ಬೀಗರ ಕಾನೂನು. ಬೀಗರೆಂದರೆ ತಂಗಿಯ ಮಗಳ ಮಾವ, ಮೂವತ್ತೊಂದು ವರ್ಷದಿಂದ ಬೋಟು ಓಡಿಸುತ್ತಿರುವ ಮನುಷ್ಯ. ತಲೆ ಎಣಿಸುವವನು ಒಮ್ಮೊಮ್ಮೆ ತನ್ನನ್ನೇ ಮರೆಯುತ್ತಾನೆ, ಹಲಗೆ ಯಾರನ್ನೂ ಮರೆಯುವುದಿಲ್ಲ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಆ ಹಲಗೆಯ ಮೇಲಿನ ನಂಬಿಕೆಯೇ ಅವರಿಗೆ ಕುತ್ತು ತಂದಿತ್ತು.

ಭಾನುವಾರ ಎರಡು ಬೋಟು ಹೋಗಿದ್ದವು. ದ್ವೀಪದ ಮ್ಯಾನೇಜರ್ ತನ್ನ ಲಾಂಚಿನಲ್ಲಿ ಮೂರೂವರೆಗೇ ಇಬ್ಬರನ್ನು ಕರೆದುಕೊಂಡು ಹೊರಟುಬಿಟ್ಟ. ಫೋಟೋದವನು ಸಂಜೆಯ ಬೆಳಕಿಗಾಗಿ ಬೀಗರ ಬೋಟಿಗೆ ಉಳಿದಿದ್ದಾನೆಂದು ಮ್ಯಾನೇಜರ್ ತಿಳಿದ. ಅವನು ಲಾಂಚಿನಲ್ಲಿ ಹೋಗಿರಬೇಕೆಂದು ಬೀಗರು ತಿಳಿದರು. ಜೆಟ್ಟಿಗೆ ಬಂದಿಳಿದು ನೋಡಿದರೆ ಎಂಟು ಮೊಳೆಗೂ ಎಂಟು ಬಿಲ್ಲೆ. ಹಲಗೆ ತುಂಬಿತ್ತು, ಬೀಗರು ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಿದರು.

"ಐದೂ ಉಪ್ಪು," ಎಂದರು ದೊಡ್ಡಮ್ಮ.

ಇವರು ಎಲ್ಲರಿಗೂ ದೊಡ್ಡಮ್ಮನೇ. ಪೊಲೀಸ್ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ಹೇಳಿಕೆ ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಕಳ್ಳರೂ ದೊಡ್ಡಮ್ಮ ಎನ್ನುತ್ತಿದ್ದರು, ಇನ್ಸ್‌ಪೆಕ್ಟರೂ ಎನ್ನುತ್ತಿದ್ದರು. ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವರಾದ ಬೀಗರೂ ಹಾಗೇ ಕರೆಯುತ್ತಿದ್ದುದು ಮಾತ್ರ ದೊಡ್ಡಮ್ಮನಿಗೆ ಸ್ವಲ್ಪ ಕಸಿವಿಸಿ.

ಆರನೇ ದಾರವನ್ನು ನಾಲಿಗೆಗೆ ತಾಗಿಸಿದರು. ಮತ್ತೊಮ್ಮೆ ತಾಗಿಸಿದರು. ತಿರುಗಿಸಿ ಗಂಟಿನ ಹತ್ತಿರವೂ ನೋಡಿದರು.

"ಸಪ್ಪೆ."

ತಂಗಿಯ ಮಗಳ ಪೆನ್ನು ನಿಂತಿತು. "ಸಪ್ಪೆ ಅಂದ್ರೆ?"

"ಸಪ್ಪೆ ಅಂದ್ರೆ ಸಪ್ಪೆ. ಏಳು, ಎಂಟೂ ನೋಡಿಬಿಡ್ತೀನಿ, ತಾಳು."

ಏಳೂ ಎಂಟೂ ಉಪ್ಪು. ಭಾನುವಾರ ಯಾರೂ ಮುಟ್ಟದ ಒಂಬತ್ತನೆಯದು ಸಪ್ಪೆ. ಹತ್ತೂ ಸಪ್ಪೆ. ದೊಡ್ಡಮ್ಮ ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಶೆಡ್ಡಿನ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಬೀಗರ ಕಡೆ ತಿರುಗಿದರು.

"ದಾರ ಯಾವಾಗ ಹಾಕಿದ್ದು?"

"ಶನಿವಾರ," ಎಂದರು ಬೀಗರು. ನಾಲ್ಕು ದಿನದಲ್ಲಿ ಮನುಷ್ಯ ಅರ್ಧ ಆಗಿಹೋಗಿದ್ದರು. "ಹೊಸ ಪ್ರವಾಸ, ಹೊಸ ದಾರ ಇರ್ಲಿ ಅಂತ ಇಪ್ಪತ್ತೆರಡಕ್ಕೂ ನಾನೇ ಕೂತು ಹಾಕ್ದೆ."

"ದ್ವೀಪದಲ್ಲಿ ಇಳಿಯೋಕೆ ಕಟ್ಟೆ ಇಲ್ಲ, ಅಲ್ವಾ?"

ಉತ್ತರ ಕೊಟ್ಟವಳು ತಂಗಿಯ ಮಗಳು. ಅದು ಅವಳ ಪಟ್ಟಿಯಲ್ಲೇ ಇತ್ತು. ಎರಡು ತಿಂಗಳಿಂದ ಅವಳು ಈ ಪ್ರವಾಸವನ್ನು ಮದುವೆಮನೆಯ ಹಾಗೆ ಹೊತ್ತುಕೊಂಡಿದ್ದಳು. ಆ ದ್ವೀಪಕ್ಕೆ ಹೊರಗಿನವರನ್ನು ಬಿಡುವುದು ಇದೇ ಮೊದಲು, ಅವಳ ಪುಟ್ಟ ಕಚೇರಿಗೂ ಇದೇ ಮೊದಲ ದೊಡ್ಡ ಕೆಲಸ. ಶನಿವಾರ ಬರುವವರು ಇಪ್ಪತ್ತೆರಡು ಮಂದಿ ನಿವೃತ್ತ ಅಂಚೆ ನೌಕರರು. ಅವರಲ್ಲಿ ಅರ್ಧಕ್ಕರ್ಧ ಜನ ಬೋಟನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವರು.

"ಕಟ್ಟೆ ಇಲ್ಲ. ಕೊನೇ ಇಪ್ಪತ್ತು ಹೆಜ್ಜೆ ಸೊಂಟದ ಮಟ್ಟ ನೀರಲ್ಲಿ ನಡೀಬೇಕು. ನೀರೊಳಗೆ ಒಂದು ಹಗ್ಗ ಕಟ್ಟಿದೀವಿ, ಅದನ್ನ ಹಿಡ್ಕೊಂಡು. ಅದಕ್ಕೇ ಎಲ್ಲರಿಗೂ ಒಂದು ಜೊತೆ ಬಟ್ಟೆ ಹೆಚ್ಚಿಗೆ ತನ್ನಿ ಅಂತ ಬರ್ದಿದೀನಿ."

"ಹಗ್ಗ ಹಿಡಿದ ಕೈ ಸಮುದ್ರದಲ್ಲಿ ಮುಳುಗತ್ತೆ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ. ಮಣಿಕಟ್ಟಿನ ದಾರ ಉಪ್ಪಾಗ್ಲೇಬೇಕು," ಎಂದರು ದೊಡ್ಡಮ್ಮ. "ಆರನೇದು ಆಗಿಲ್ಲ. ಅಂದ್ರೆ ಈ ಮೊಳೇಲಿ ತೂಗ್ತಿರೋದು ದ್ವೀಪ ನೋಡೇ ಇಲ್ಲ."

"ಆದ್ರೆ ಅವನು ನೋಡಿದಾನೆ! ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ದ. ಬಿಲ್ಲೆ ಕೈಯಲ್ಲೇ ಇತ್ತು, ತಟ್ಟೆಗೆ ತಾಗಿ ಟಣ್ ಟಣ್ ಅಂತಿತ್ತು."

"ಹೌದು," ಎಂದರು ಬೀಗರು. "ಹತ್ತೋವಾಗ ನಾನೇ ಕೈ ನೋಡಿ ಹತ್ತಿಸ್ಕೊಂಡೆ. ಬೇರೆ ಕೊಡೋಕೆ ಹೋದ್ರೆ, ನನಗೆ ಆರೇ ಬೇಕು, ಅದು ನನ್ನ ಅದೃಷ್ಟದ್ದು ಅಂತ ಹಟ ಮಾಡಿ ತಗೊಂಡ."

ಹಟ ಮಾಡಿದ ಮಾತನ್ನು ದೊಡ್ಡಮ್ಮ ಮನಸ್ಸಿನಲ್ಲೇ ಗಂಟು ಹಾಕಿಕೊಂಡರು. ಗಂಟಿನ ನೆನಪಾಗಿ ಐದನೇ ದಾರದ ಗಂಟನ್ನು ಉಗುರಿನಿಂದ ಕೆದಕಿದರು. ಮೂರು ಸುತ್ತು ಹಾಕಿ ತುದಿಯನ್ನು ಒಳಗೇ ಅಡಗಿಸಿದ ಗಂಟು. ಎಲ್ಲಿಂದ ಶುರು, ಎಲ್ಲಿ ಕೊನೆ ಎಂದೇ ತಿಳಿಯುತ್ತಿರಲಿಲ್ಲ.

"ಬಿಡಿ, ಅದು ನಿಮ್ಮ ಕೈಗೆ ಬಗ್ಗಲ್ಲ," ಎಂದರು ಬೀಗರು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇಣುಕಿತು. "ನಮ್ಮಪ್ಪ ಕಲಿಸಿದ್ದು. ಬಂದರೆಲ್ಲಾ ಹುಡುಕಿದ್ರೂ ಇನ್ನೊಬ್ಬರಿಗೆ ಬರಲ್ಲ."

"ಹಾಗಾದ್ರೆ ಎದ್ದು ಬಂದು ಇದನ್ನ ನೋಡಿ. ಅಧಿಕಾರಿ ಕೇಳಿದ್ರೆ ನಾನು ಮುಟ್ಟಿಸಿದೆ ಅಂತ ಹೇಳ್ತೀನಿ."

ಬೀಗರು ಬಂದರು. ಆ ಹಲಗೆಯ ಮುಂದೆ ನಿಲ್ಲಲು ಅವರಿಗೆ ಭಾನುವಾರದಿಂದ ಧೈರ್ಯವಾಗಿರಲಿಲ್ಲ. ಆರನೇ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಏಳನೆಯದರ ಅಂಚು ಸವರಿದರು.

"ಇದು ನಂದಲ್ಲ!" ಎಂದರು ಬೀಗರು. "ದೊಡ್ಡಮ್ಮ, ಇದು ನಾನು ಮಾಡಿದ ಬಿಲ್ಲೆ ಅಲ್ಲ! ನಾನು ಅರದಲ್ಲಿ ಉಜ್ಜಿ ಮಾಡಿದ್ದು, ಅಂಚು ಒರಟು. ಇದು ಮಿಶಿನ್ನಲ್ಲಿ ಕತ್ತರಿಸಿದ್ದು. ನುಣ್ಣಗಿದೆ."

ತಂಗಿಯ ಮಗಳು "ಮಾವಾ!" ಎಂದು ಅವರ ತೋಳು ಹಿಡಿದಳು. ಅವಳ ಕಣ್ಣು ತುಂಬಿತ್ತು. ನಾಳೆ ಬೆಳಗ್ಗೆ ಹತ್ತಕ್ಕೆ ಬಂದರಿನ ಅಧಿಕಾರಿಯ ಮುಂದೆ ವಿಚಾರಣೆ. ಒಬ್ಬ ಮನುಷ್ಯನನ್ನು ದ್ವೀಪದಲ್ಲಿ ಬಿಟ್ಟು ಬಂದ ತಪ್ಪು ಬೀಗರದೇ ಎಂದು ಬರೆದರೆ ಅವರ ಲೈಸೆನ್ಸ್ ಹೋಗುತ್ತದೆ, ಪ್ರವಾಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಜೀವ ತನ್ನಿಂದ ಹೋಯಿತೆಂಬ ಭಾರ ಹೊತ್ತು ಈ ಮುದುಕ ಬದುಕಬೇಕಾಗುತ್ತದೆ. ಈಗ ನೋಡಿದರೆ ಹಲಗೆ ಸುಳ್ಳು ಹೇಳಿರಲಿಲ್ಲ, ಯಾರೋ ಅದರ ಬಾಯಲ್ಲಿ ಸುಳ್ಳು ಹೇಳಿಸಿದ್ದರು.

ಬೀಗರ ಹೆಬ್ಬೆರಳು ಬಿಲ್ಲೆಯಿಂದ ದಾರಕ್ಕೆ, ದಾರದಿಂದ ಮೇಲಕ್ಕೆ ಹೋಗಿ ನಿಂತಿತು. ಅವರ ಕಣ್ಣಿಂದ ದಳದಳ ನೀರಿಳಿಯಿತು. ಮೂವತ್ತೊಂದು ವರ್ಷದ ಮಾನ ಉಳಿದ ಸಮಾಧಾನ ಎಂದುಕೊಂಡರು ದೊಡ್ಡಮ್ಮ.

ಬಿಲ್ಲೆಯನ್ನು ಮೆಲ್ಲಗೆ ಮೊಳೆಗೆ ಹಾಕಿ ಬೀಗರು ಹೇಳಿದರು: "ಇದನ್ನ ಇಲ್ಲಿಗೇ ಬಿಟ್ಟುಬಿಡಿ ದೊಡ್ಡಮ್ಮ. ನಾಳೆ ನಾನೇ ತಪ್ಪು ಒಪ್ಕೊಂಡುಬಿಡ್ತೀನಿ."

"ನಿಮಗೇನು ತಲೆ ಕೆಟ್ಟಿದೆಯಾ? ಈಗಷ್ಟೇ ನಂದಲ್ಲ ಅಂದ್ರಿ!"

"ವಯಸ್ಸಾಯ್ತು. ಬೋಟು ಸಾಕು."

ಇಷ್ಟು ಹೇಳಿ ಅವರು ಜೆಟ್ಟಿಯ ಮೇಲೆ ನಡೆದುಹೋದರು. ನಾಲ್ಕು ದಿನದ ಉಪವಾಸ, ಪಾಪ, ಮನುಷ್ಯನಿಗೆ ಏನು ಮಾತಾಡುತ್ತಿದ್ದೇನೆಂದು ಗೊತ್ತಿಲ್ಲ ಎಂದು ದೊಡ್ಡಮ್ಮ ತಮಗೆ ತಾವೇ ಹೇಳಿಕೊಂಡರು.

ಕಚೇರಿ ಇದ್ದದ್ದು ಎರಡೇ ಕೋಣೆ. ಗೋಡೆಯ ತುಂಬ ಶನಿವಾರ. ಏಳೂವರೆಗೆ ಜೆಟ್ಟಿ, ಎಂಟಕ್ಕೆ ಹೊರಡುವುದು, ಒಂಬತ್ತಕ್ಕೆ ನೀರಿಗಿಳಿಯುವುದು, ಮೂರು ಮುಕ್ಕಾಲಿಗೆ ವಾಪಸು. ಆ ದಿನ ಅದು ದಾಟಿದರೆ ನೀರು ಇಳಿದು ಬೋಟು ಮರಳಲ್ಲಿ ಕೂರುತ್ತದೆ. ಕೆಳಗೆ ಕುಡಿಯುವ ನೀರಿನ ಕ್ಯಾನ್, ಟೋಪಿ, ಬಿಸಿಲಿನ ಕ್ರೀಮು, ಬ್ಯಾಂಡೇಜು, ಅರವತ್ತು ದಾಟಿದವರಿಗೆ ಮಡಚುವ ಕುರ್ಚಿ. ಇನ್ನೊಂದು ಹಾಳೆಯಲ್ಲಿ ದ್ವೀಪದ ಯಜಮಾನರ ಹದಿನೇಳು 'ಕೂಡದು'ಗಳು. ಹವಳ ಹೆಕ್ಕಕೂಡದು, ಹಾಡಕೂಡದು, ಉತ್ತರದ ಬೇಲಿ ದಾಟಕೂಡದು.

ತಂಗಿಯ ಮಗಳು ಒಳಗೆ ಕಾಲಿಡುವಷ್ಟರಲ್ಲಿ ಫೋನು. ಅಂಚೆ ಸಂಘದ ಕಾರ್ಯದರ್ಶಿ ಹೆಂಗಸು, ದಿನಕ್ಕೆ ಮೂರು ಸಲದ ಲೆಕ್ಕ ತಪ್ಪಿಸದವರು.

"ನೆರಳು ಇದೆ ಅಮ್ಮಾ... ಇಲ್ಲ, ಫ್ಯಾನ್ ಇರಲ್ಲ, ಅದು ದ್ವೀಪ... ಹೌದು, ಗಾಳಿ ತಾನಾಗೇ ಬರತ್ತೆ." ಫೋನು ಇಟ್ಟು ನಿಟ್ಟುಸಿರುಬಿಟ್ಟಳು. "ನೆರಳಿಗಾಗಿ ನಮ್ಮನೆಯವರು ಮಂಗಳವಾರದಿಂದ ದಿನಾ ಒಬ್ರೇ ಹೋಗಿ ಚಪ್ಪರ ಹಾಕ್ತಿದಾರೆ, ದೊಡ್ಡಮ್ಮ. ಆ ಬಿಸಿಲಲ್ಲಿ ದುಡಿದೂ ದುಡಿದೂ ಹೊಟ್ಟೆ ಬಾವಿ ಆಗಿಬಿಟ್ಟಿದೆ. ಎರಡು ಡಬ್ಬಿ ಊಟ ಕಟ್ಟಿ ಅಂತಾರೆ, ಎರಡೂ ತೊಳೆದಿಟ್ಟ ಹಾಗೆ ಖಾಲಿ ಬರತ್ತೆ."

"ದುಡಿಯೋ ವಯಸ್ಸು, ತಿನ್ನಲಿ," ಎಂದರು ದೊಡ್ಡಮ್ಮ. ಅಳಿಯನ ಮೇಲೆ ಅವರಿಗೆ ಮೊದಲಿಂದಲೂ ಒಂದು ತೂಕ ಹೆಚ್ಚು ಪ್ರೀತಿ. ಭಾನುವಾರ ಜೆಟ್ಟಿಯಲ್ಲೇ ಉಳಿದು ಎರಡೂ ಬೋಟಿನ ಹಗ್ಗ ಹಿಡಿದವನು ಅವನೇ. ಮಂಗಳವಾರ ಪೊಲೀಸರು ದ್ವೀಪ ಹುಡುಕಲು ಹೋದಾಗ ದಾರಿ ತೋರಿಸಿದವನೂ ಅವನೇ. "ಈಗ ನಿನ್ನ ಪುಸ್ತಕ ತೆಗಿ. ನಿಮ್ಮ ಸಭೆಗಳಲ್ಲಿ ಈ ಬಿಲ್ಲೆ ವಿಷಯ ಎಲ್ಲಾದ್ರೂ ಬಂದಿದೆಯಾ, ನೋಡು."

ಹುಡುಗಿ ಎಲ್ಲವನ್ನೂ ಬರೆದಿಡುವವಳು. ಆ ಚಾಳಿ ದೊಡ್ಡಮ್ಮನಿಂದಲೇ ಬಂದದ್ದು. ಹಾಳೆ ತಿರುವಿ ಬೆರಳಿಟ್ಟಳು: ಮೂರು ವಾರದ ಹಿಂದೆ, ಮ್ಯಾನೇಜರ್ ಸಲಹೆ. ಬಂದವರಿಗೆ ನೆನಪಿನ ಕಾಣಿಕೆಯಾಗಿ ಇಂಥದೇ ಬಿಲ್ಲೆ. ಮಾದರಿಗೆ ಒಂದು ಬಿಲ್ಲೆ ತೆಗೆದುಕೊಂಡು ಹೋದರು. ಮಾರನೇ ದಿನ ವಾಪಸು.

"ಯಾವ ನಂಬರು?"

ಅವಳು ಇನ್ನೊಂದು ಸಾಲಿಗೆ ಇಳಿದಳು. ಮುಖ ಬಿಳಿಚಿತು. "ಆರು."

ಮ್ಯಾನೇಜರನ ಕೋಣೆ ಗಾಜಿನದು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ದ್ವೀಪದ ಮಾದರಿ. ಬೆಂಕಿಕಡ್ಡಿಯಷ್ಟುದ್ದದ ತೆಂಗಿನ ಮರಗಳು, ಹತ್ತಿಯ ಅಲೆಗಳು, ಉತ್ತರದಲ್ಲಿ ಒಂದು ಕೆಂಪು ಬೇಲಿ. ಯಜಮಾನರ ಅಕ್ಕನ ಮಗ ಇವನು. ಮಾತಿಗೆ ಮೊದಲೇ ನಗುವವನು.

"ಪ್ರವಾಸ ನಡಿಯತ್ತೆ ತಾನೇ? ಮಾಮ ದಿನಾ ಕೇಳ್ತಿದಾರೆ."

"ಅದು ನಿಮ್ಮ ಕೈಲೇ ಇದೆ," ಎಂದು ದೊಡ್ಡಮ್ಮ ಕುರ್ಚಿ ಎಳೆದುಕೊಂಡರು. "ಆರನೇ ಬಿಲ್ಲೆ ತಗೊಂಡು ಹೋಗಿ ಏನು ಮಾಡಿಸಿದ್ರಿ?"

"ಯಾವ ಬಿಲ್ಲೆ?"

ದೊಡ್ಡಮ್ಮ ನೋಟ್‌ಬುಕ್ಕನ್ನು ಮೇಜಿನ ಮೇಲೆ ಅವನ ಕಡೆ ತಿರುಗಿಸಿ ಇಟ್ಟರು. ಅವನು ಓದಿದ. ನಗು ಹಾಗೇ ಇತ್ತು, ಆದರೆ ಅದರ ಕೆಲಸ ಮುಗಿದಿತ್ತು.

"ಓ, ಅದಾ. ಸ್ಯಾಂಪಲ್‌ಗೆ."

"ಎಷ್ಟು?"

"ಮೂರು. ಅದ್ರಲ್ಲಿ ತಪ್ಪೇನು?"

"ಮೂರರಲ್ಲಿ ಒಂದು ಈಗ ಜೆಟ್ಟಿಯ ಹಲಗೇಲಿ ತೂಗ್ತಿದೆ. ಕಾಣೆಯಾದವನ ಮೊಳೇಲಿ."

ಅವನು ಎದ್ದು ನಿಂತ. "ನೋಡಿ, ದೊಡ್ಡಮ್ಮ ಅಂತ ಗೌರವ ಕೊಟ್ಟು ಕೂರಿಸಿದೀನಿ. ನನ್ನ ಮೇಲೆ ಗೂಬೆ ಕೂರಿಸ್ಬೇಡಿ. ನಾನು ಮೂರೂವರೆಗೆ ಹೊರಟವನು. ಲಾಂಚಿನಲ್ಲಿ ಡಾಕ್ಟ್ರು ಇದ್ರು, ಅಡುಗೆಯವರು ಇದ್ರು, ಕೇಳಿ ಬೇಕಾದ್ರೆ. ಜೆಟ್ಟೀಲಿ ಬಿಲ್ಲೆ ಹಾಕಿದವನು ಸೀದಾ ಕಾರು ಹತ್ತಿದೆ."

"ಕೇಳಿದೀನಿ. ಇಬ್ರೂ ಹಾಗೇ ಅಂದ್ರು. ಡಾಕ್ಟ್ರು ಇನ್ನೊಂದು ಮಾತೂ ಹೇಳಿದ್ರು. ನೀವು ಬಿಲ್ಲೆ ಹಾಕ್ದಾಗ ಆರನೇ ಮೊಳೆ ಖಾಲಿ ಇತ್ತಂತೆ."

"ಮತ್ತೆ?"

"ಮತ್ತೆ ಏನಿಲ್ಲ. ಸ್ಯಾಂಪಲ್ ತೋರ್ಸಿ, ಎದ್ದು ಹೋಗ್ತೀನಿ."

ಅವನು ಡ್ರಾಯರನ್ನು ಧಡಾರನೆ ಎಳೆದು ಸಣ್ಣ ಡಬ್ಬಿಯೊಂದನ್ನು ತೆರೆದಿಟ್ಟ. ಒಳಗೆ ಕಪ್ಪು ಮಖಮಲ್ಲು, ಅದರಲ್ಲಿ ಮೂರು ಗುಂಡನೆಯ ಗುಳಿ. ಎರಡರಲ್ಲಿ ಬಿಲ್ಲೆ ಇತ್ತು. ನುಣ್ಣನೆ ಅಂಚು, ನಡುವೆ ಆರು.

"ಮೂರನೇದು?"

"ಫೋಟೋದವನಿಗೆ ಕೊಟ್ಟೆ. ಕರಪತ್ರಕ್ಕೆ ಹತ್ತಿರದಿಂದ ಒಂದು ಫೋಟೋ ಬೇಕು ಅಂತ ಅವನೇ ಕೇಳ್ದ. ನೋಡಿ." ಫೋನು ತೆಗೆದು ಮೂಗಿನ ಹತ್ತಿರಕ್ಕೇ ಹಿಡಿದ. ಫೋಟೋದವನ ಸಂದೇಶ, ಹತ್ತು ದಿನ ಹಳೆಯದು: 'ಬಿಲ್ಲೆ ಸಿಕ್ಕಿತು, ಕೆಲಸ ಮುಗಿದ ಮೇಲೆ ಕೊಡ್ತೀನಿ.'

ದೊಡ್ಡಮ್ಮ ಅದನ್ನು ಎರಡು ಸಲ ಓದಿದರು. ಹಾಗಾದರೆ ಅವನು ಮರೆತು ಉಳಿದವನಲ್ಲ. ಉಳಿಯಬೇಕೆಂದೇ ಹೋದವನು. ಆರೇ ಬೇಕೆಂದು ಹಟ ಹಿಡಿದದ್ದು ಅದೃಷ್ಟಕ್ಕಲ್ಲ, ಎರಡನೇ ಆರು ಆಗಲೇ ತಯಾರಿತ್ತು. ಅವನು ದ್ವೀಪದಲ್ಲಿರುವಾಗ ಇಲ್ಲಿ ಯಾರೋ ಅದನ್ನು ಮೊಳೆಗೆ ಹಾಕಬೇಕಿತ್ತು, ಲಾಂಚು ಬಂದ ಮೇಲೆ, ಬೀಗರ ಬೋಟು ಬರುವ ಮೊದಲು.

ಡಬ್ಬಿಯಿಂದ ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದರು. ಏನೋ ಸರಿಯಿಲ್ಲ ಅನಿಸಿತು. ತಿರುಗಿಸಿ ನೋಡಿದರು.

"ಇದಕ್ಕೆ ತೂತೇ ಇಲ್ವಲ್ಲ."

"ತೂತು ಯಾಕೆ? ಮೇಜಿನ ಮೇಲೆ ಇಟ್ಕೊಳೋ ಕಾಣಿಕೆ. ಮೂರಕ್ಕೂ ಇಲ್ಲ."

"ದಾರ?"

"ಹಿತ್ತಾಳೆ ಮಾತ್ರ ಮಾಡಿಸಿದ್ದು, ದೊಡ್ಡಮ್ಮ. ದಾರದ ಸುದ್ದಿ ನನಗೆ ಗೊತ್ತಿಲ್ಲ."

ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು. ಹಲಗೆಯ ಮೇಲಿನ ಆರಕ್ಕೆ ತೂತು ಇತ್ತು. ಅದೇ ನೀಲಿ ದಾರ ಇತ್ತು. ಬಾಯಿಟ್ಟು ನೆಕ್ಕಿದ್ದರು, ಕಣ್ಣಾರೆ ನೋಡಿದ್ದರು: ಮೂರು ಸುತ್ತು, ತುದಿ ಒಳಗೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ಗಂಟು.

ಬಂದರೆಲ್ಲಾ ಹುಡುಕಿದರೂ ಇನ್ನೊಬ್ಬರಿಗೆ ಬಾರದ ಗಂಟು.

ಬೀಗರು ಆಗ ಬೋಟಿನಲ್ಲಿದ್ದರು, ಸಮುದ್ರದ ನಡುವೆ. ಅಪ್ಪ ಮಗನಿಗೆ ಕಲಿಸಿದ ಗಂಟು ಅದು. ಆ ಮಗನಿಗೂ ಒಬ್ಬ ಮಗ ಇದ್ದಾನೆ. ಮನೆಯೊಳಗಿನವರನ್ನು 'ಇನ್ನೊಬ್ಬರು' ಎಂದು ಯಾರು ಎಣಿಸುತ್ತಾರೆ?

ಶೆಡ್ಡಿನಲ್ಲಿ ಆ ಮುದುಕನ ಹೆಬ್ಬೆರಳು ದಾರದ ಮೇಲೆ ಹತ್ತಿ ಎಲ್ಲಿ ನಿಂತಿತೆಂದು ದೊಡ್ಡಮ್ಮನಿಗೆ ಈಗ ಹೊಳೆಯಿತು. ಗಂಟಿನ ಮೇಲೆ. ಆ ಕಣ್ಣೀರು ಸಮಾಧಾನದ್ದಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ಜನರ ಮುಖ ನೋಡಿ ಹೇಳಿಕೆ ಬರೆದುಕೊಂಡವರು ಮನೆಯವರ ಮುಖವನ್ನೇ ತಪ್ಪಾಗಿ ಓದಿದ್ದರು. ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

"ಏನಾಯ್ತು ದೊಡ್ಡಮ್ಮ? ನೀರು ಬೇಕಾ?" ಎಂದ ಮ್ಯಾನೇಜರ್. ಈ ಸಲ ಅವನು ನಗುತ್ತಿರಲಿಲ್ಲ.

"ಬೇಡ," ಎಂದು ಎದ್ದರು. ಏಳುವಾಗ ಗಾಜಿನ ಪೆಟ್ಟಿಗೆಯ ಕೆಂಪು ಬೇಲಿ ಮತ್ತೆ ಕಣ್ಣಿಗೆ ಬಿತ್ತು. "ಈ ಬೇಲಿ ಆಚೆ ಏನಿದೆ?"

"ಹಳೇ ಉಗ್ರಾಣ. ಚಾವಣಿ ಬೀಳೋ ಹಾಗಿದೆ, ಅದಕ್ಕೇ ಯಾರನ್ನೂ ಬಿಡಲ್ಲ. ಪೊಲೀಸರಿಗೂ ಅಷ್ಟೇ, ದೂರದಿಂದ ತೋರ್ಸಿದ್ರಂತೆ ನಿಮ್ಮ ಅಳಿಯಂದ್ರು."

ದೊಡ್ಡಮ್ಮ ಕಚೇರಿಗೆ ಮರಳಿದಾಗ ಗಂಟೆ ಮೂರು. ದಾರಿಯುದ್ದಕ್ಕೂ ಒಂದೇ ಯೋಚನೆ: ಬೀಗರನ್ನು ಉಳಿಸಬೇಕಾದರೆ ನಾಳೆ ಹತ್ತು ಗಂಟೆಗೆ ಈ ಗಂಟಿನ ಮಾತು ಬಾಯಿಬಿಡಬೇಕು. ಬಾಯಿಬಿಟ್ಟರೆ ತಾನು ಎತ್ತಿ ಆಡಿಸಿದ ಮಗುವಿನ ಸಂಸಾರಕ್ಕೆ ತಾನೇ ಕೈಯಾರೆ ಕೊಳ್ಳಿ ಇಟ್ಟಂತೆ.

ಆದರೂ ಒಂದು ಸಣ್ಣ ಧೈರ್ಯವಿತ್ತು. ಎರಡು ಡಬ್ಬಿ ಊಟ ಹೋಗುತ್ತಿದೆ, ಎರಡೂ ಖಾಲಿಯಾಗಿ ಬರುತ್ತಿದೆ. ಅಂದರೆ ಫೋಟೋದವನು ಬದುಕಿದ್ದಾನೆ, ಉಣ್ಣುತ್ತಿದ್ದಾನೆ. ಬದುಕಿರುವವನನ್ನು ಕೈ ಹಿಡಿದು ಕರೆತಂದು ಅಧಿಕಾರಿಯ ಮುಂದೆ ನಿಲ್ಲಿಸಿದರೆ, ಇದು ಏನೇ ಹುಚ್ಚಾಟವಾಗಿರಲಿ, ಬೈಗುಳದಲ್ಲಿ ಮುಗಿಸಬಹುದು.

ತಂಗಿಯ ಮಗಳು ಮೇಜಿನ ಮೇಲೆ ಇಪ್ಪತ್ತೆರಡು ಟೋಪಿಗಳನ್ನು ಸಾಲಾಗಿಟ್ಟು ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ ಅಂಟಿಸುತ್ತಿದ್ದಳು. ತಲೆ ಎತ್ತಿ, ಬೆಳಗಿನಿಂದ ಮೊದಲ ಸಲ ಮನಸಾರೆ ನಕ್ಕಳು.

"ಮ್ಯಾನೇಜರ್ ಒಪ್ಕೊಂಡ್ನಾ?"

"ಹೇಳ್ತೀನಿ." ದೊಡ್ಡಮ್ಮ ಅವಳ ಎದುರು ಕೂತರು. ದನಿಯನ್ನು ಆದಷ್ಟು ಹಗುರ ಮಾಡಿಕೊಂಡರು. "ನಿನ್ನ ಗಂಡ ಎಲ್ಲಿ?"

"ದ್ವೀಪದಲ್ಲಿ. ಚಪ್ಪರ ಇವತ್ತು ಮುಗಿಯತ್ತಂತೆ. ಬೆಳಗ್ಗೆ ಆರಕ್ಕೇ ಹೋದ್ರು."

"ಊಟ ಕಟ್ಟಿದ್ಯಾ? ಎರಡು ಡಬ್ಬಿ?"

"ಕಟ್ಟಿದ್ದೆ." ಅವಳು ಹನ್ನೊಂದನೇ ಟೋಪಿಗೆ ಚೀಟಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. "ಒಂದನ್ನ ವಾಪಸ್ ಒಳಗಿಟ್ಟು ಹೋದ್ರು, ದೊಡ್ಡಮ್ಮ. ಇನ್ಮೇಲೆ ಎರಡನೇದು ಬೇಡ ಅಂದ್ರು."